ಫೋನ್ ಹಚ್ಚಿದವರು ಯಾರು ಅಂತ ಹುಡುಕಬ್ಯಾಡ್ರಿ



ಊರಾಗ ಒಂದು ಬಾಲ್ಯವಿವಾಹ ನಿಂತಿತು ಅಂದರೆ ಮರುದಿನ ಚಾದಂಗಡಿಯಲ್ಲಿ, ಗುಡಿ ಕಟ್ಟೆಯ ಮೇಲೆ, ನಳದ ಮುಂದೆ ಏಳುವ ಮಾತು ಒಂದೇ: "ಫೋನ್ ಹಚ್ಚಿದವ್ರು ಯಾರು?" ಆ ಹುಡುಗಿ ರಾತ್ರಿ ಉಂಡಳೇ, ನಾಳೆ ಸಾಲಿಗೆ ಹೋಗುತ್ತಾಳೆಯೇ ಎಂದು ಕೇಳುವವರು ಕಡಿಮೆ. ಫೋನ್ ಹಚ್ಚಿದವರನ್ನು ಹುಡುಕಲು ಮಾತ್ರ ಇಡೀ ಓಣಿ ನಿಲ್ಲುತ್ತದೆ. ಅಂಗನವಾಡಿ ಟೀಚರ್ ಮೇಲೆ ಸಂಶಯ, ಆಶಾ ಕಾರ್ಯಕರ್ತೆ ಮೇಲೆ ಸಂಶಯ, ಹೈಸ್ಕೂಲ್ ಮಾಸ್ತರರ ಮೇಲೆ ಸಂಶಯ. ಮಗುವನ್ನು ಅಂಗನವಾಡಿಗೆ ಕಳಿಸುವುದು ನಿಲ್ಲುತ್ತದೆ. ಮದುವೆ-ಮುಂಜಿವಿಗೆ ಕರೆಯುವುದು ನಿಲ್ಲುತ್ತದೆ. ತಾನು ಫೋನ್ ಹಚ್ಚಿಲ್ಲ ಎಂದು ಆಣೆ ಮಾಡಬೇಕಾದ ಸ್ಥಿತಿ ಸಂಶಯಕ್ಕೆ ಸಿಕ್ಕ ಹೆಣ್ಣುಮಗಳಿಗೆ ಬರುತ್ತದೆ.

ಇದನ್ನು ನಿಲ್ಲಿಸಿರಿ ಎಂದು ಕೇಳಲು ಈ ಕರಪತ್ರ. ಫೋನ್ ಹಚ್ಚಿದವರನ್ನು ಊರು ಬೇಟೆಯಾಡಿತು ಅಂದರೆ ಮುಂದಿನ ಸಲ ಯಾರೂ ಹಚ್ಚುವುದಿಲ್ಲ. ಮುಂದಿನ ಸಲದ ಸಂಗತಿ ಲಗ್ನವೇ ಆಗಿರಬೇಕೆಂದಿಲ್ಲ. ಕುಡಿದು ಬಂದ ಅಪ್ಪ ಕಾಯಿಸಿದ ಸಲಾಕೆಯಿಂದ ಸುಟ್ಟ ಮಗು ಇರಬಹುದು. ಪಕ್ಕದ ಮನೆಯವನ ಕೈಗೆ ಸಿಕ್ಕ 7 ವರ್ಷದ ಕೂಸು ಇರಬಹುದು. ಆ ಕೂಸು ನಿಮ್ಮದೂ ಇರಬಹುದು.

1098 ಎಂಬ ನಂಬರು ಎಲ್ಲಿಂದ ಬಂತು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1996ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಜೆರೂ ಬಿಲಿಮೋರಿಯಾ ಅವರು ಬೀದಿ ಮಕ್ಕಳಿಗಾಗಿ ಅದನ್ನು ಆರಂಭಿಸಿದರು. ರಾತ್ರಿ ರೈಲು ನಿಲ್ದಾಣದಲ್ಲಿ ಮಲಗುವ ಮಕ್ಕಳಿಗೆ ಜ್ವರ ಬಂದರೆ, ಯಾರಾದರೂ ಹೊಡೆದರೆ, ಹಣವಿಲ್ಲದೆ ಕರೆ ಮಾಡಲು ಒಂದು ನಂಬರು ಇರಲಿ ಎಂಬುದು ಆಗಿನ ಉದ್ದೇಶ. ಅದೇ ಮುಂದೆ ದೇಶಕ್ಕೆಲ್ಲ ಹಬ್ಬಿತು. 2023ರಿಂದ ಅದನ್ನು ಸರ್ಕಾರವೇ ಜಿಲ್ಲೆ ಜಿಲ್ಲೆಗಳಲ್ಲಿ ನಡೆಸುತ್ತಿದೆ, ತುರ್ತು ಸಹಾಯದ 112ಕ್ಕೂ ಅದನ್ನು ಜೋಡಿಸಲಾಗಿದೆ. ಹಗಲು-ರಾತ್ರಿ ಯಾವ ಹೊತ್ತಿನಲ್ಲೂ ಕರೆ ಉಚಿತ. ಕರೆ ಮಾಡಿದವರ ಹೆಸರು ಗುಟ್ಟಾಗಿರುತ್ತದೆ, ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ಗೊತ್ತಿದ್ದೂ ತಿಳಿಸದೆ ಇರುವುದೇ ಪೋಕ್ಸೊ ಕಾಯ್ದೆಯಡಿ ಅಪರಾಧ, ಅದಕ್ಕೆ 6 ತಿಂಗಳವರೆಗೆ ಶಿಕ್ಷೆಯಿದೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮಾತ್ರ ಯಾವ ಕೇಸೂ ನಿಲ್ಲದಂತೆ ಅದೇ ಕಾಯ್ದೆ ಕಾಪಾಡುತ್ತದೆ. ಹಾಗಿದ್ದಾಗ ಕಾಯ್ದೆ ಮುಚ್ಚಿಟ್ಟ ಹೆಸರನ್ನು ಕೆದಕಿ ತೆಗೆಯುವ ಹಕ್ಕು ಊರಿಗೆ ಎಲ್ಲಿಂದ ಬಂತು?

ಬರುವವರು ಯಾರು?

ಫೋನ್ ಹೋದ ಮೇಲೆ ಜೀಪಿನಲ್ಲೋ ಬೈಕಿನ ಮೇಲೋ ಬರುವವರನ್ನು ನಾವು "ಆಫೀಸಿನವ್ರು" ಅನ್ನುತ್ತೇವೆ. ಕೆಲವರು "ಮಕ್ಕಳನ್ನ ಎತ್ತಗೊಂಡು ಹೋಗೋರು" ಅನ್ನುತ್ತಾರೆ, ಇನ್ನು ಕೆಲವರು "ಮದುವಿ ಮುರಿಯೋರು" ಅನ್ನುತ್ತಾರೆ. ಅವರು ಯಾರೆಂದು ತಿಳಿದುಕೊಳ್ಳೋಣ.

ಕುಂದಗೋಳದ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯ ಮೇಲ್ವಿಚಾರಕಿಯರು, ಪೊಲೀಸರು, ಪಂಚಾಯಿತಿಯ ಪಿಡಿಒ, ಇವರ ಮುಖ ನಮಗೆ ಗೊತ್ತಿದೆ. ಇವರ ಜೊತೆಗೆ ಬರುವ, ಕೈಯಲ್ಲಿ ಫೈಲು ಹಿಡಿದ ಹುಡುಗ ಅಥವಾ ಹುಡುಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರು. ಇಂಥವರಲ್ಲಿ ಬಹಳಷ್ಟು ಜನ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದಿದವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೇ ಆ ವಿಭಾಗವಿದೆ, ನಮ್ಮ ಹಳ್ಳಿಗಳ ಮಕ್ಕಳೂ ಅಲ್ಲಿ ಓದುತ್ತಾರೆ. ಓದು ಮುಗಿಸಿ ಈ ಕೆಲಸಕ್ಕೆ ಸೇರಿದವರಲ್ಲಿ ಹೆಚ್ಚಿನವರದು ಗುತ್ತಿಗೆ ನೌಕರಿ. ಪಿಂಚಣಿ ಇಲ್ಲ, ಮುಂದಿನ ವರ್ಷ ಕೆಲಸ ಇರುತ್ತದೆಂಬ ಭರವಸೆಯೂ ಇಲ್ಲ.

ಇಂಥವರು ಎಷ್ಟು ಜನ? ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಕಾರ ಒಂದು ಜಿಲ್ಲೆಯ ಘಟಕಕ್ಕೆ ಸಮಾಜ ಕಾರ್ಯಕರ್ತರು 2, ಊರೂರು ತಿರುಗುವ ಕ್ಷೇತ್ರ ಕಾರ್ಯಕರ್ತರು 2, ಆಪ್ತ ಸಮಾಲೋಚಕರು 1. ಧಾರವಾಡ ಜಿಲ್ಲೆಯಲ್ಲಿ 2011ರ ಜನಗಣತಿಯ ಹೊತ್ತಿಗೇ 18 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಇವತ್ತು 8 ತಾಲ್ಲೂಕುಗಳಿವೆ. ಅಣ್ಣಿಗೇರಿಯ ಕೊನೆಯ ಹಳ್ಳಿಯಿಂದ ಕಲಘಟಗಿಯ ಕಾಡಂಚಿನವರೆಗೆ, ನವಲಗುಂದದಿಂದ ನಮ್ಮ ಗುಡಗೇರಿ, ಸಂಶಿ, ಯರಗುಪ್ಪಿ, ಕಮಡೊಳ್ಳಿವರೆಗೆ ಈ ಕೈಬೆರಳೆಣಿಕೆಯ ಜನವೇ ಓಡಾಡಬೇಕು. "ಆಫೀಸಿನವ್ರು ಟೈಮಿಗೆ ಬರಲಿಲ್ಲ" ಎಂದು ಬಯ್ಯುವ ಮೊದಲು ಈ ಲೆಕ್ಕ ನೋಡಿರಿ. ಬಯ್ಯಬೇಕೆಂದರೆ ಎರಡೇ ಹುದ್ದೆ ಕೊಟ್ಟವರನ್ನು ಕೇಳಿರಿ. ನಮ್ಮ ಶಾಸಕರನ್ನು, ಸಂಸದರನ್ನು ರಸ್ತೆ ಕೇಳುತ್ತೇವೆ, ಬೆಳೆವಿಮೆ ಕೇಳುತ್ತೇವೆ. ತಾಲ್ಲೂಕಿಗೊಬ್ಬ ಕಾಯಂ ಸಮಾಜ ಕಾರ್ಯಕರ್ತೆ ಬೇಕೆಂದು ಈ ತನಕ ಯಾವ ಮನವಿಪತ್ರದಲ್ಲಿ ಬರೆದಿದ್ದೇವೆ?

"ಮದುವಿ ಮುರಿಯೋರು" ಎಂಬ ಮಾತು

ಮದುವೆ ನಿಂತರೆ ಮಾನ ಹೋಯಿತು ಎಂದು ಹುಡುಗಿಯ ಅಪ್ಪ ಅಳುತ್ತಾನೆ. ಹಂದರ ಹಾಕಿಸಿದ್ದಾನೆ, ಸಾಲ ಮಾಡಿ ಅಕ್ಕಿ-ಬೇಳೆ ತಂದಿದ್ದಾನೆ, ಬೀಗರು ಬಂದು ಕೂತಿದ್ದಾರೆ. ಅವನ ಸಂಕಟ ಸುಳ್ಳಲ್ಲ. ಅವನನ್ನು ಕಂಡು ಮರುಗುವ ಊರಿನವರೂ ಕೆಟ್ಟವರಲ್ಲ. ಆದರೆ ಆ ಮದುವೆ ನಿಲ್ಲದೆ ಹೋದರೆ ಆ ಎರಡೂ ಮನೆಗಳಲ್ಲಿ ಮುಂದೆ ಏನಾಗುತ್ತದೆ ಎಂಬುದನ್ನು ಪೂರ್ತಿ ಹೇಳಬೇಕು. ಅಕ್ಕಿಕಾಳು ಹಾಕಿ ಉಂಡು ಬಂದವರಿಗೆ ಇದು ಕಾಣುವುದಿಲ್ಲ.

15 ಇಲ್ಲವೆ 16ರ ಹುಡುಗಿ ವರ್ಷದೊಳಗೆ ಬಸುರಿಯಾಗುತ್ತಾಳೆ. ತಪಾಸಣೆಗೆ ದವಾಖಾನೆಗೆ ಹೋಗಲೇಬೇಕು. ತಾಯಿ ಕಾರ್ಡ್ ಮಾಡಿಸಲು ವಯಸ್ಸು ಹೇಳಲೇಬೇಕು. 18 ಆಗಿಲ್ಲ ಎಂದು ಗೊತ್ತಾದ ಕೂಡಲೇ ಪೊಲೀಸರಿಗೆ ತಿಳಿಸುವುದು ವೈದ್ಯರಿಗೆ ಕಡ್ಡಾಯ. ಮುಚ್ಚಿಟ್ಟರೆ ಅವರ ಮೇಲೆಯೇ ಕೇಸು. ಹೆಂಡತಿಯೇ ಆಗಿದ್ದರೂ 18ರ ಒಳಗಿನ ಹುಡುಗಿಯ ಜೊತೆಗಿನ ದೇಹ ಸಂಬಂಧ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು 2017ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿದೆ. ಪೋಕ್ಸೊದಲ್ಲಿ ಇದಕ್ಕೆ ಕನಿಷ್ಠ ಶಿಕ್ಷೆ 10 ವರ್ಷ. ಹುಡುಗಿಗೆ 16 ಆಗಿರದಿದ್ದರೆ ಕನಿಷ್ಠ 20 ವರ್ಷ. ಹತ್ತಿ ಬಿಡಿಸಿ, ಟ್ರ್ಯಾಕ್ಟರ್ ಹೊಡೆದು ಬದುಕುವ 23ರ ಹುಡುಗ, ಹಿರಿಯರು ತೋರಿಸಿದ ಕನ್ಯೆಗೆ ತಾಳಿ ಕಟ್ಟಿದ ಕಾರಣಕ್ಕೆ, ಜೈಲಿಗೆ ಹೋಗುತ್ತಾನೆ. ಹೆರಿಗೆಯ ಹೊತ್ತಿಗೆ ಹುಡುಗಿಯ ಗಂಡ ಜೈಲಿನಲ್ಲಿ, ಅತ್ತೆ ಕೋರ್ಟಿನ ಮುಂದೆ. ಇನ್ನೂ ಬೆಳೆಯುತ್ತಿರುವ ಹುಡುಗಿಯ ದೇಹದಲ್ಲಿ ರಕ್ತ ಕಡಿಮೆ, ಹುಟ್ಟುವ ಕೂಸಿನ ತೂಕ ಕಡಿಮೆ.

ಅದರ ಮೇಲೆ ಕರ್ನಾಟಕದಲ್ಲಿ ಇಂಥ ಮದುವೆ ಮದುವೆಯೇ ಅಲ್ಲ. ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟ ನಂತರ ನಮ್ಮ ರಾಜ್ಯ ಕೇಂದ್ರದ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಮಾಡಿತು. ಮಾಡಿಸಿದ ತಂದೆ-ತಾಯಿ, ಮುಂದೆ ನಿಂತ ಹಿರಿಯರು, ಮಂತ್ರ ಹೇಳಿದವರು, ನಿಖಾ ಓದಿದವರು, ನೆರವಾದವರು ಎಲ್ಲರಿಗೂ ಶಿಕ್ಷೆ ಇದೆ: 1 ಲಕ್ಷದವರೆಗೆ ದಂಡ, ಹೆಂಗಸರನ್ನು ಬಿಟ್ಟು ಉಳಿದವರಿಗೆ 2 ವರ್ಷದವರೆಗೆ ಜೈಲು.

ಆ ಫೋನು ಹಂದರದ ದಿನ ಬಂದರೆ ಒಂದು ಊಟ ಹಾಳಾಗುತ್ತದೆ. ಬಾರದೆ ಹೋದರೆ ಎರಡು ಮನೆ ಹಾಳಾಗುತ್ತವೆ. ಹಂದರಕ್ಕೂ ಮೊದಲೇ, ನಿಶ್ಚಯದ ಮಾತಿನ ಹೊತ್ತಿಗೇ ಬಂದರೆ ಯಾರಿಗೂ ಏನೂ ಹಾಳಾಗುವುದಿಲ್ಲ. ಅದಕ್ಕೇ ಬೇಗ ಹಚ್ಚಿರಿ ಎನ್ನುತ್ತೇವೆ. ವರನ ಮನೆಯವರೇ, ಇದನ್ನು ನೀವು ಎರಡು ಸಲ ಓದಬೇಕು. ನಿಮ್ಮ ಮಗನನ್ನು ಉಳಿಸುವ ಫೋನು ಇದು.

ಇನ್ನೊಂದು ಕೆಟ್ಟ ರೂಢಿ ಬೆಳೆದಿದೆ. ಅಧಿಕಾರಿಗಳ ಮುಂದೆ ಮುಚ್ಚಳಿಕೆ ಬರೆದುಕೊಡುವುದು, ಅವರು ಹೋದ ಮೇಲೆ ಟಂಟಂ ಗಾಡಿ ಮಾಡಿಕೊಂಡು ಪಕ್ಕದ ತಾಲ್ಲೂಕಿನ ಯಾವುದೋ ಗುಡಿಯಲ್ಲಿ ತಾಳಿ ಕಟ್ಟಿಸುವುದು. ಊರಿಗೆಲ್ಲ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟ ಮೇಲೆ ಹೀಗೆ ಮಾಡಿದರೆ ಆಜ್ಞೆ ಮುರಿದದ್ದೇ ಇನ್ನೊಂದು ಅಪರಾಧವಾಗುತ್ತದೆ ಎಂಬುದನ್ನು ಹಿರಿಯರು ತಿಳಿದಿರಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅದರ ಹಿಂದಿನ ಸುತ್ತಿನಲ್ಲಿ ಶೇ 21.4 ಇತ್ತು. ಐದು ಹುಡುಗಿಯರಲ್ಲಿ ಒಬ್ಬಳು! ಎರಡು ಸುತ್ತುಗಳ ನಡುವೆ ಈ ಲೆಕ್ಕ ಅಲುಗಾಡಿಯೇ ಇಲ್ಲ. 8 ವರ್ಷದ ಒಳಗಿನ ಹುಡುಗಿಯರ ಮದುವೆಗೆ 1894ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಕಾನೂನಿನ ತಡೆ ಹಾಕಿತ್ತು. ಕಾನೂನು ನಮಗೆ ಹೊಸದೇನಲ್ಲ. ಅದನ್ನು ಊರೊಳಗೆ ತರುವವರ ಬೆನ್ನಿಗೆ ಊರು ನಿಲ್ಲಲಿಲ್ಲ.

"ಮಕ್ಕಳನ್ನ ಎತ್ತಗೊಂಡು ಹೋಗೋರು" ಎಂಬ ಮಾತು

ಈ ಮಾತು ಹಗುರವಲ್ಲ, ಇದರಿಂದ ಜೀವ ಹೋಗಿವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿದೆಯೇ? ಹೈದರಾಬಾದಿನಿಂದ ಬಂದ ಹುಡುಗರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಓಡಿತು. ಜನ ಮುಗಿಬಿದ್ದರು, ಒಬ್ಬ ಸತ್ತ. ಅವನು ಸಾಫ್ಟ್‌ವೇರ್ ಕೆಲಸದವನು, ಮಕ್ಕಳ ಕಳ್ಳನಲ್ಲ. ಅಪರಿಚಿತರು ಮಗುವಿನ ಜೊತೆ ಮಾತಾಡಿದರೇ ಕೈಯೆತ್ತುವ ಊರಿನಲ್ಲಿ, ಮಗುವಿನ ಜೊತೆ ಮಾತಾಡುವುದೇ ಕೆಲಸವಾಗಿರುವ ಸಮಾಜ ಕಾರ್ಯಕರ್ತೆ ಹೇಗೆ ಓಡಾಡಬೇಕು?

ಬಾಲನ್ಯಾಯ ಕಾಯ್ದೆ 2015 ಹೇಳುವುದನ್ನು ಸರಳವಾಗಿ ಬರೆಯುತ್ತೇವೆ. ಯಾರೂ ಮಗುವನ್ನು ತಮ್ಮ ಇಷ್ಟದಂತೆ ಕರೆದುಕೊಂಡು ಹೋಗಿ ಎಲ್ಲೋ ಇಡುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಸಮಾಜ ಕಾರ್ಯಕರ್ತರು ಮನೆಗೆ ಹೋಗಿ, ಅಜ್ಜಿಯನ್ನು, ನೆರೆಮನೆಯವರನ್ನು, ಮಾಸ್ತರರನ್ನು ಮಾತಾಡಿಸಿ ವರದಿ ಬರೆಯಬೇಕು. ಮನೆಯಲ್ಲಿ ಎಷ್ಟು ಜನ, ದುಡಿಮೆ ಎಷ್ಟು, ಕುಡಿತ ಇದೆಯೇ, ಮಗು ಯಾರ ಹತ್ತಿರ ಹೋಗಿ ಮಲಗುತ್ತದೆ, ಯಾರನ್ನು ಕಂಡರೆ ಹೆದರುತ್ತದೆ, ಎಲ್ಲವನ್ನೂ ಕೇಳಬೇಕು. ಅವರು ಕಟ್ಟೆಯ ಮೇಲೆ ಕೂತು ಕೇಳುವ ಪ್ರಶ್ನೆಗಳು ಊರಿನ ಚಾಡಿ ಕೂಡಿಸುವುದಕ್ಕಲ್ಲ. ಆ ವರದಿಯ ಮೇಲೆ ಒಂದು ಮಗುವಿನ ಮುಂದಿನ ದಾರಿ ನಿಂತಿರುತ್ತದೆ. ಅದಕ್ಕೇ ಕೇಳಿದಾಗ ನಿಜ ಹೇಳಿರಿ. ಬಾಲಮಂದಿರಕ್ಕೆ ಸೇರಿಸುವುದು ಎಲ್ಲ ದಾರಿ ಮುಗಿದ ಮೇಲಿನ ಕೊನೆಯ ದಾರಿ ಎಂದು ಕಾಯ್ದೆಯೇ ಹೇಳಿದೆ. ಸಮಿತಿಯ ಆದೇಶ ಸರಿಯಿಲ್ಲ ಅನಿಸಿದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಮಗು ಮನೆಯಲ್ಲೇ, ತಾಯಿಯ ಹತ್ತಿರವೇ ಉಳಿಯಲಿ ಎಂದು ಸರ್ಕಾರ ತಿಂಗಳಿಗೆ 4,000 ರೂಪಾಯಿ ಕೊಡುತ್ತದೆ. ಪ್ರಾಯೋಜಕತ್ವ ಯೋಜನೆ ಎನ್ನುತ್ತಾರೆ. ಗಂಡ ಸತ್ತ ಅಥವಾ ಬಿಟ್ಟುಹೋದ ತಾಯಿಯ ಮಕ್ಕಳು, ತಂದೆ-ತಾಯಿ ಇಬ್ಬರೂ ಇಲ್ಲದೆ ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಬೆಳೆಯುತ್ತಿರುವ ಮಕ್ಕಳು, ತಂದೆ-ತಾಯಿ ದೊಡ್ಡ ಕಾಯಿಲೆಯಿಂದ ಹಾಸಿಗೆ ಹಿಡಿದ ಮನೆಯ ಮಕ್ಕಳು ಇದಕ್ಕೆ ಅರ್ಹರು. ಹಳ್ಳಿಯಲ್ಲಿ ಮನೆಯ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು, ಪಟ್ಟಣದಲ್ಲಿ 96,000. ಸಾಲಿ ಬಿಟ್ಟು ಮೆಣಸಿನಕಾಯಿ ಬಿಡಿಸಲು ಹೋಗುವ ಎಷ್ಟು ಮಕ್ಕಳ ಮನೆಗೆ ಈ ಹಣ ಬರಬೇಕಿತ್ತು! ಅರ್ಜಿ ಹಿಡಿದು ಮನೆಗೆ ಬಂದವರನ್ನೂ ನಾವು ಬಾಗಿಲಲ್ಲೇ ತಡೆದು ಕಳಿಸಿದ್ದೇವೆ, "ಫೈಲು ಹಿಡಿದು ಬಂದಾರ, ಮಗೂನ್ನ ಕೇಳತಾರ" ಎಂದು ಹೆದರಿ.

ಸಂಶಯ ಪಡಬೇಕು, ಪ್ರಶ್ನೆ ಕೇಳಬೇಕು

ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಇರುವವರೆಲ್ಲ ದೇವರಂಥವರು ಎಂದು ನಾವು ಹೇಳುವುದಿಲ್ಲ. ಬಿಹಾರದ ಮುಜಫ್ಫರ್‌ಪುರದಲ್ಲಿ ಒಂದು ಬಾಲಿಕಾ ಗೃಹದೊಳಗೇ ಹೆಣ್ಣುಮಕ್ಕಳ ಮೇಲೆ ವರ್ಷಗಟ್ಟಲೆ ದೌರ್ಜನ್ಯ ನಡೆದದ್ದು 2018ರಲ್ಲಿ ಹೊರಗೆ ಬಂತು. ನಡೆಸುತ್ತಿದ್ದವನಿಗೆ 2020ರಲ್ಲಿ ದೆಹಲಿಯ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಅಲ್ಲಿ ನಡೆಯುತ್ತಿದ್ದದ್ದನ್ನು ಮೊದಲು ಬರೆದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಸಮಾಜ ಕಾರ್ಯಕರ್ತರ ತಂಡ. ಗೃಹದಿಂದ ಗೃಹಕ್ಕೆ ಹೋಗಿ, ಮಕ್ಕಳ ಜೊತೆ ನೆಲದ ಮೇಲೆ ಕೂತು ಮಾತಾಡಿ, ಅವರು ಹೇಳಿದ್ದನ್ನು ನಂಬಿ ಬರೆದ ವರದಿ ಅದು. ಕೆಟ್ಟವರನ್ನು ಹಿಡಿದುಕೊಟ್ಟದ್ದು ಈ ವೃತ್ತಿಯವರೇ.

ಅದಕ್ಕೇ ನಮ್ಮ ಮನೆಗೆ ಬಂದವರ ಗುರುತಿನ ಚೀಟಿ ಕೇಳಿರಿ. ಯಾವ ಕಚೇರಿ, ಮೇಲಧಿಕಾರಿ ಯಾರು ಎಂದು ಕೇಳಿರಿ. ಮಗುವನ್ನು ಎಲ್ಲಿಗೆ ಒಯ್ಯುತ್ತೀರಿ, ಸಮಿತಿಯ ಮುಂದೆ ಯಾವಾಗ, ನಾವು ಎಷ್ಟು ಗಂಟೆಗೆ ಬರಬೇಕು, ಆದೇಶದ ಪ್ರತಿ ಯಾವಾಗ ಸಿಗುತ್ತದೆ, ಕೇಳಿರಿ. ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಇಷ್ಟಪಟ್ಟ ಜಾಗದಲ್ಲೋ ಸಮವಸ್ತ್ರವಿಲ್ಲದ ಪೊಲೀಸ್ ಅಧಿಕಾರಿ ಬರೆದುಕೊಳ್ಳಬೇಕು, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ಇರಬೇಕು. ಠಾಣೆಯಲ್ಲಿ ರಾತ್ರಿ ಮಗುವನ್ನು ಕೂಡಿಸುವಂತಿಲ್ಲ. ಹಾಗಾದರೆ ಆಕ್ಷೇಪಿಸಿರಿ. ಒಳ್ಳೆಯ ಕಾರ್ಯಕರ್ತೆಗೆ ಇಂಥ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ಬಾಗಿಲು ಹಾಕಿಕೊಂಡರೆ, ಕಲ್ಲು ಹಿಡಿದರೆ ಮಾತ್ರ ಅವರ ಕೆಲಸ ಕೆಡುತ್ತದೆ.

ಅವರ ಒಳ್ಳೆಯ ಹೆಸರು ಊರಿಗೆ ಯಾಕೆ ಮುಟ್ಟುವುದಿಲ್ಲ ಎಂಬುದನ್ನೂ ಯೋಚಿಸಬೇಕು. ಅವರು ಉಳಿಸಿದ ಮಗುವಿನ ಹೆಸರು, ಫೋಟೊ, ಊರು, ಸಾಲಿ ಏನನ್ನೂ ಬಹಿರಂಗ ಮಾಡುವಂತಿಲ್ಲ. ಮಾಡಿದರೆ ಬಾಲನ್ಯಾಯ ಕಾಯ್ದೆಯಡಿ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ. ಕೆಲಸ ಕೆಟ್ಟಾಗ ಪೇಪರಿನಲ್ಲಿ ಬರುತ್ತದೆ, ಸರಿಯಾಗಿ ನಡೆದಾಗ ಎಲ್ಲಿಯೂ ಬರುವುದಿಲ್ಲ. ತಮ್ಮ ಮೇಲೆ ಸುಳ್ಳು ಅಪವಾದ ಬಂದಾಗಲೂ "ಆ ಮನೆಯಲ್ಲಿ ನಿಜವಾಗಿ ನಡೆದದ್ದು ಇದು" ಎಂದು ಅವರು ಹೇಳಿಕೊಳ್ಳುವಂತಿಲ್ಲ. ಮಗುವಿಗೋಸ್ಕರ ಬಾಯಿ ಮುಚ್ಚಿಕೊಂಡು ಬೈಗುಳ ತಿನ್ನುವ ಕೆಲಸ ಅದು. ಇತ್ತ ನಮ್ಮ ಬಸ್ ಸ್ಟ್ಯಾಂಡಿನ ಫ್ಲೆಕ್ಸ್‌ಗಳಲ್ಲಿ ಹಾರ ಹಾಕಿಕೊಂಡು ನಿಂತವರೆಲ್ಲ ಸಮಾಜ ಸೇವಕರು. ಅವರಲ್ಲಿ ಕಷ್ಟಕ್ಕೆ ಒದಗುವ ಒಳ್ಳೆಯವರೂ ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ದೌರ್ಜನ್ಯಕ್ಕೊಳಗಾದ ಮಗುವನ್ನು ಎರಡನೇ ಸಲ ನೋಯಿಸದೆ ಮಾತಾಡಿಸುವುದು ಕಲಿತು ಮಾಡುವ ಕೆಲಸ. ವೈದ್ಯರಿಗೆ, ವಕೀಲರಿಗೆ ಇರುವಂಥ ಪರಿಷತ್ತು ನಮ್ಮ ದೇಶದಲ್ಲಿ ಸಮಾಜ ಕಾರ್ಯಕರ್ತರಿಗೆ ಇಲ್ಲ. ಹೀಗಾಗಿ ಓದಿದವರು ಯಾರು, ಫೋಟೊಕ್ಕೆ ನಿಂತವರು ಯಾರು ಎಂದು ಜನಕ್ಕೆ ತಿಳಿಯುವುದಿಲ್ಲ.

ಓಡಿ ಬಂದ ಹುಡುಗನನ್ನು ಸಾಕಿದ ಊರು ಇದು

ಕುಂದಗೋಳದವರಾದ ನಮಗೆ ಈ ಮಾತು ಹೊರಗಿನವರು ಹೇಳಿಕೊಡಬೇಕಿಲ್ಲ. 1933ರಲ್ಲಿ ಗದಗಿನಿಂದ 11 ವರ್ಷದ ಒಬ್ಬ ಹುಡುಗ ಸಂಗೀತ ಕಲಿಸುವ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ರೈಲಿನಲ್ಲಿ ಹಾಡುತ್ತ, ಅವರಿವರು ಕೊಟ್ಟದ್ದು ತಿನ್ನುತ್ತ ಉತ್ತರ ದೇಶವೆಲ್ಲ ತಿರುಗಿದ. ಸಾಲಿ ಮಾಸ್ತರರಾಗಿದ್ದ ತಂದೆ ಹುಡುಕುತ್ತಲೇ ಇದ್ದರು, ಕಡೆಗೆ ದೂರದ ಜಲಂಧರ್‌ನಲ್ಲಿ ಪತ್ತೆ ಹಚ್ಚಿ ಕರೆತಂದರು. ಹೊಡೆದು ಮೂಲೆಗೆ ಕೂಡಿಸಲಿಲ್ಲ. ಮಗನಿಗೆ ಬೇಕಾದದ್ದು ಏನೆಂದು ಅರಿತು ನಡೆದುಕೊಂಡರು. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಆ ಹುಡುಗನನ್ನು ಶಿಷ್ಯನನ್ನಾಗಿ ಇಟ್ಟುಕೊಂಡರು. ಅವನೇ ಭೀಮಸೇನ ಜೋಶಿ, ಮುಂದೆ ಭಾರತರತ್ನ.

ಅವನಿಗೆ ರೈಲಿನಲ್ಲಿ ಒಳ್ಳೆಯವರು ಸಿಕ್ಕರು, ಹುಡುಕುವ ತಂದೆ ಇದ್ದ, ಇಟ್ಟುಕೊಳ್ಳುವ ಗುರು ಇದ್ದ. ಅದು ಅವನ ಪುಣ್ಯ. ಇವತ್ತು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಒಂಟಿಯಾಗಿ ಇಳಿಯುವ ಮಗುವಿಗೆ ಮೊದಲು ಸಿಗುವವನು ಯಾರೆಂದು ಹೇಳಲು ಬರುವುದಿಲ್ಲ. ಒಳ್ಳೆಯವರು ಸಿಗಲಿ ಎಂದು ದೇವರ ಮೇಲೆ ಭಾರ ಹಾಕಿ ಕೂಡದೆ, ರೈಲ್ವೆ ಪೊಲೀಸರು ಆ ಮಗುವನ್ನು ಸಮಿತಿಗೆ ಒಪ್ಪಿಸಬೇಕು, ಸಮಾಜ ಕಾರ್ಯಕರ್ತರು ಅದರ ಮನೆ ಹುಡುಕಬೇಕು, ಓಡಿಬಂದ ಕಾರಣ ಕೇಳಬೇಕು ಎಂದು ಕಾಯ್ದೆ ವಿಧಿಸಿದೆ. ಆಗ ಒಬ್ಬ ತಂದೆ, ಒಬ್ಬ ಗುರು ಮಾಡಿದ್ದನ್ನು ಈಗ ಎಲ್ಲ ಮಕ್ಕಳಿಗೂ ಮಾಡುವ ಏರ್ಪಾಡು ಇದು. ಸವಾಯಿ ಗಂಧರ್ವರ ಊರಿನವರು ಅದಕ್ಕೆ ಅಡ್ಡ ನಿಲ್ಲಬಾರದು.

ಹುಡುಗಿಯ ಅಪ್ಪ-ಅವ್ವನಿಗೆ ಎರಡು ಮಾತು

ನೀವು ಯಾಕೆ ಬೇಗ ಲಗ್ನ ಮಾಡುತ್ತೀರಿ ಎಂದು ನಮಗೆ ಗೊತ್ತಿದೆ. ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ ದುಡಿಯಲು ಹೋಗಬೇಕು. ಬೆಳೆದ ಮಗಳನ್ನು ವಯಸ್ಸಾದ ಅಜ್ಜಿಯ ಹತ್ತಿರ ಬಿಟ್ಟು ಹೋದರೆ ರಾತ್ರಿ ನಿದ್ದೆ ಬರುವುದಿಲ್ಲ. ಏಳನೇ ತರಗತಿ ಮುಗಿದರೆ ಹೈಸ್ಕೂಲು ಬೇರೆ ಊರಿನಲ್ಲಿ, ದಾರಿಯಲ್ಲಿ ಹುಡುಗರ ಕಾಟ. ತಡ ಮಾಡಿದಷ್ಟೂ ವರದಕ್ಷಿಣೆ ಏರುತ್ತದೆ. ಯಾರ ಜೊತೆಗಾದರೂ ಹೋಗಿಬಿಟ್ಟರೆ ಎಂಬ ಭಯ. ಹಿಂದೆಯೇ "ನಾ ಸಾಯೋದ್ರೊಳಗ ಮೊಮ್ಮಗಳ ಲಗ್ನ ನೋಡಬೇಕು" ಎಂಬ ಅಜ್ಜಿಯ ಹಟ.

ಈ ಭಯಗಳಿಗೆ ಲಗ್ನವೊಂದೇ ಮದ್ದಲ್ಲ. ಸಾಲಿ ಬಿಡಿಸುವ ಮೊದಲು ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯ, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಇಲಾಖೆಯ ಹಾಸ್ಟೆಲ್‌ಗಳಲ್ಲಿ ಸೀಟು ಕೇಳಿರಿ. ಅರ್ಜಿ ತುಂಬಲು ಸಾಲಿಯ ಮಾಸ್ತರರು ನೆರವಾಗುತ್ತಾರೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ, ಹುಬ್ಬಳ್ಳಿಯ ಕಾಲೇಜಿಗೆ ದಿನಾ ಹೋಗಿ ಬರಬಹುದು. ಮಗಳು ಹುಟ್ಟಿದಾಗ ಭಾಗ್ಯಲಕ್ಷ್ಮಿ ಬಾಂಡ್ ಮಾಡಿಸಿದ್ದರೆ ತೆಗೆದು ನೋಡಿರಿ: 18ಕ್ಕಿಂತ ಮೊದಲು ಮದುವೆ ಮಾಡಿದರೆ ಆ ಹಣ ಬರುವುದಿಲ್ಲ. ದಾರಿಯಲ್ಲಿ ಹುಡುಗರ ಕಾಟವಿದ್ದರೆ ಅದಕ್ಕೂ 1098, 112 ಇವೆ. ತಪ್ಪು ಮಾಡಿದ ಹುಡುಗನನ್ನು ಬಿಟ್ಟು ಮಗಳ ಸಾಲಿ ಬಿಡಿಸುವುದು ಯಾವ ನ್ಯಾಯ, ಹೇಳಿರಿ.

ಯಾರು ಏನು ಮಾಡಬೇಕು

ಊರ ದೈವದ ಹಿರಿಯರೇ, ಮಗುವಿನ ಮೇಲೆ ದೌರ್ಜನ್ಯವಾದಾಗ ಕಟ್ಟೆಯ ಮೇಲೆ ಕೂತು, ದಂಡ ಹಾಕಿ, ಕೈಕೈ ಕೂಡಿಸಿ ಮುಗಿಸಬೇಡಿರಿ. ಅದು ರಾಜಿಯಾಗುವ ವ್ಯಾಜ್ಯವಲ್ಲ, ಮುಚ್ಚಿಹಾಕಿದರೆ ನೀವೂ ಆರೋಪಿಗಳು. ನಿಮ್ಮ ಮಾತಿಗೆ ಊರಲ್ಲಿ ಬೆಲೆಯಿದೆ. ಆ ಬೆಲೆಯನ್ನು ಇಷ್ಟಕ್ಕೆ ಬಳಸಿರಿ: ಫೋನ್ ಹಚ್ಚಿದವರ ಹೆಸರು ಈ ಊರಲ್ಲಿ ಯಾರೂ ಕೇಳಬಾರದು ಎಂದು ದೈವದ ಮುಂದೆ ಒಂದು ಮಾತು ಹೇಳಿಬಿಡಿರಿ. ಅಂಗನವಾಡಿ ಟೀಚರಿಗೆ, ಆಶಾ ಅಕ್ಕನಿಗೆ ಆ ಒಂದು ಮಾತು ದೊಡ್ಡ ಕಾವಲು.

ಸ್ವಾಮಿಗಳೇ, ಶಾಸ್ತ್ರಿಗಳೇ, ಮೌಲ್ವಿ ಸಾಹೇಬರೇ, ಜಾತ್ರೆಯಲ್ಲಿ, ಬಸವ ಜಯಂತಿಗೆ ಸಾಮೂಹಿಕ ಮದುವೆ ಮಾಡಿಸುವ ಸಮಿತಿಯವರೇ, ಸಾಲಿಯ ಜನ್ಮದಿನಾಂಕದ ದಾಖಲೆ ಇಲ್ಲವೆ ಪಂಚಾಯಿತಿಯ ಜನನ ಪ್ರಮಾಣಪತ್ರ ನೋಡದೆ ಮುಹೂರ್ತ ಕೊಡಬೇಡಿರಿ. ಆಧಾರ್ ಕಾರ್ಡು ವಯಸ್ಸಿನ ದಾಖಲೆಯಲ್ಲ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರು, ಕಲ್ಯಾಣ ಮಂಟಪದವರು, ಹಂದರ-ಬ್ಯಾಂಡಿನವರು ಮುಂಗಡ ಹಿಡಿಯುವ ಮೊದಲು ಅದೇ ಕಾಗದ ಕೇಳಿರಿ. ಇವತ್ತು ಒಂದು ಗಿರಾಕಿ ಕಡಿಮೆಯಾದರೂ ನಾಳೆ ಕೋರ್ಟಿಗೆ ಅಲೆಯುವುದು ತಪ್ಪುತ್ತದೆ.

ಮೊಬೈಲ್ ಕೈಯಲ್ಲಿರುವ ತಮ್ಮಂದಿರೇ, ಅಧಿಕಾರಿಗಳು ಬಂದಾಗ ಹುಡುಗಿಯ ಮುಖ ತೋರಿಸುವ ವಿಡಿಯೊ ಮಾಡಬೇಡಿರಿ, ಗ್ರೂಪಿಗೆ ಹಾಕಬೇಡಿರಿ. "ಮಕ್ಕಳ ಕಳ್ಳರು ಬಂದಾರ" ಎಂಬ ಮೆಸೇಜು ಬಂದರೆ ಮುಂದೆ ಕಳಿಸುವ ಮೊದಲು ಠಾಣೆಗೆ ಒಂದು ಫೋನು ಮಾಡಿರಿ.

ಮಾಸ್ತರರೇ, ಡಿಸೆಂಬರ್‌ನಿಂದ ಹತ್ತಿ-ಮೆಣಸಿನಕಾಯಿ ಸುಗ್ಗಿಯಲ್ಲಿ ವಾರಗಟ್ಟಲೆ ಬಾರದ ಮಕ್ಕಳ ಹೆಸರಿನ ಮುಂದೆ ಸುಮ್ಮನೆ ಗೈರು ಹಾಕಿ ಬಿಡಬೇಡಿರಿ. ಮನೆಗೆ ಹೋಗಿ ಬನ್ನಿರಿ. ಹೊಲದವರೇ, 14ರ ಒಳಗಿನ ಮಕ್ಕಳನ್ನು ಕೂಲಿಗೆ ಕರೆದರೆ 6 ತಿಂಗಳಿಂದ 2 ವರ್ಷ ಜೈಲು, 20 ಸಾವಿರದಿಂದ 50 ಸಾವಿರ ದಂಡ ಎರಡಕ್ಕೂ ಅವಕಾಶವಿದೆ.

ಹುಡುಗಿಯರೇ, ನಿಮ್ಮ ಒಪ್ಪಿಗೆ ಇಲ್ಲದೆ ಲಗ್ನದ ಮಾತು ನಡೆದಿದ್ದರೆ ನೀವೇ 1098ಕ್ಕೆ ಹಚ್ಚಬಹುದು. ಗೆಳತಿಯ ಪರವಾಗಿಯೂ ಹಚ್ಚಬಹುದು. ನಿಮ್ಮ ಹತ್ತಿರ ಫೋನಿಲ್ಲದಿದ್ದರೆ ನಂಬಿಕೆಯ ಮಾಸ್ತರರಿಗೆ, ಆಶಾ ಅಕ್ಕನಿಗೆ ಹೇಳಿರಿ. ಅಪ್ಪನನ್ನು ಜೈಲಿಗೆ ಹಾಕಿಸಿದಂತಾಗುತ್ತದೆ ಎಂದು ಹೆದರಬೇಡಿರಿ. ಲಗ್ನಕ್ಕೆ ಮೊದಲೇ ತಿಳಿಸಿದರೆ ಅಪ್ಪನೂ ಉಳಿಯುತ್ತಾನೆ.

ಗ್ರಾಮ ಪಂಚಾಯಿತಿಯ ಸದಸ್ಯರೇ, ಪಿಡಿಒ ಅವರೇ, ಪಂಚಾಯಿತಿ ಮಟ್ಟದಲ್ಲಿ ಮಕ್ಕಳ ರಕ್ಷಣೆಗೆ ಸಮಿತಿ ಇರಬೇಕು. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರದ ಆದೇಶವಿದೆ. ಸಮಿತಿಯಲ್ಲಿ ಯಾರ್ಯಾರಿದ್ದಾರೆ, ಕಡೆಯ ಸಭೆ ಯಾವಾಗ ನಡೆಯಿತು, ಸಾಲಿ ಬಿಟ್ಟ ಮಕ್ಕಳು ಎಷ್ಟು, ಪ್ರಾಯೋಜಕತ್ವಕ್ಕೆ ಎಷ್ಟು ಅರ್ಜಿ ಹೋದವು, ಎಷ್ಟು ಮನೆಗೆ ಹಣ ಬಂತು, ಇದನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಿರಿ. ಮಕ್ಕಳ ಹೆಸರು ಬೇಡ, ಲೆಕ್ಕ ಸಾಕು.

ಈ ಕರಪತ್ರ ಓದಿದವರು ಬರುವ ಗ್ರಾಮಸಭೆಗೆ ತಪ್ಪದೆ ಬನ್ನಿರಿ. ಬರುವಾಗ ನಿಮ್ಮ ಓಣಿಯಲ್ಲಿ ಗಂಡನಿಲ್ಲದೆ ಮಕ್ಕಳನ್ನು ಸಾಕುತ್ತಿರುವ ಒಬ್ಬ ತಾಯಿಯನ್ನಾದರೂ ಕರೆತನ್ನಿರಿ. ಗಂಡನ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಮಕ್ಕಳ ಸಾಲಿಯ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಜೊತೆಗಿರಲಿ. ಯಾವುದಾದರೂ ಕಾಗದ ಇಲ್ಲದಿದ್ದರೂ ಬರಲಿ, ಅದನ್ನು ಮಾಡಿಸುವ ದಾರಿಯನ್ನು ಅಲ್ಲಿಯೇ ಕೇಳೋಣ. ಅರ್ಜಿಯ ವಿಚಾರವನ್ನು ನಿಮ್ಮ ಅಂಗನವಾಡಿಯಲ್ಲಿ, ಕುಂದಗೋಳದ ಸಿಡಿಪಿಒ ಕಚೇರಿಯಲ್ಲಿ, ಧಾರವಾಡದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿರಿ. ಜಿಲ್ಲೆಯಿಂದ ಸಮಾಜ ಕಾರ್ಯಕರ್ತರೊಬ್ಬರು ಆ ಸಭೆಗೆ ಬರಬೇಕೆಂದು ಪಂಚಾಯಿತಿಯಿಂದ ಈಗಲೇ ಪತ್ರ ಬರೆಸಿರಿ. ಬಂದಾಗ ಅವರಿಗೆ ಕುರ್ಚಿ ಕೊಡಿರಿ, ಮೈಕು ಕೊಡಿರಿ, ಊರಿನವರೆಲ್ಲ ಪ್ರಶ್ನೆ ಕೇಳಿರಿ.

ಮಕ್ಕಳ ಸಹಾಯವಾಣಿ: 1098
ತುರ್ತು ಪೊಲೀಸ್ ನೆರವು: 112

ಕುಂದಗೋಳ ತಾಲ್ಲೂಕಿನ ಪಾಲಕರು ಮತ್ತು ಶಿಕ್ಷಕರು
(ಓದಿದ ಮೇಲೆ ಪಕ್ಕದ ಮನೆಗೆ ಕೊಡಿರಿ)